ಕೋಡಂಗಿ ಕೇಳಿದ ಪ್ರಶ್ನೆ

ಏನಾಯ್ತು ಗೊತ್ತಾ? ತೊಗಲುಗೊಂಬೆ ಆಡಿಸೋ ನಮ್ಮ ಮುದ್ದಯ್ಯ ಚಿಕ್ಕಪ್ಪಂಗೆ ಊರಿನ ಆಸ್ಪತ್ರೆ ಜೊತೆ ಸೇರಿ ಕೆಲಸ ಮಾಡೋಕೆ ಒಂದು ಸಣ್ಣ ಅನುದಾನ ಸಿಕ್ತು. ಅದನ್ನ ತಪಾಸಣೆ ಮಾಡೋಕೆ ಒಬ್ರು ಸಾಹೇಬ್ರು ಬಂದ್ರು. ಬಂದವರಿಗೆ ಎಲ್ಲಾದರ ಮೇಲೂ ಅನುಮಾನ. ಗೊಂಬೆ ಪೆಟ್ಟಿಗೆ ಕೆಳಗೆ ಬಗ್ಗಿ ನೋಡಿದ್ರು. ಆಸ್ಪತ್ರೆ ನರ್ಸಮ್ಮನ್ನ "ನೀವು ನಿಜವಾಗ್ಲೂ ನರ್ಸಾ?" ಅಂತ ಕೇಳಿದ್ರು.

"ಗೊಂಬೆಗೂ ಆಸ್ಪತ್ರೆಗೂ ಏನ್ರೀ ಸಂಬಂಧ? ಈಗ್ಲೇ ತೋರಿಸಿ, ಇಲ್ಲಾಂದ್ರೆ ಅನುದಾನ ವಾಪಸ್."

"ತೋರಿಸ್ತೀನಿ ಸ್ವಾಮಿ. ಮೊದಲು ನರ್ಸಮ್ಮ ನಿಮ್ಮನ್ನ ಒಂದು ಮಾತು ಕೇಳ್ಲಿ," ಅಂದ್ರು ಚಿಕ್ಕಪ್ಪ.

"ಸಾರ್, ನಿಮಗೆ ಸಕ್ಕರೆ ಕಾಯಿಲೆ ಇದ್ಯಾ?" ಅಂದ್ರು ನರ್ಸಮ್ಮ.

"ಇಲ್ಲ. ಯಾಕ್ರೀ ಇರ್ಬೇಕು?"

ಚಿಕ್ಕಪ್ಪ ಬಾಗಿಲು ಮುಚ್ಚಿ, ಪರದೆ ಕಟ್ಟಿ, ದೀಪ ಹಚ್ಚಿದ್ರು. ಡೊಳ್ಳು ಹೊಟ್ಟೆ ಕೋಡಂಗಿ ಗೊಂಬೆ ಕುಣೀತಾ ಬಂತು. "ಅಣ್ಣಾ, ನಾನು ಹೆಂಡ್ತಿಗೆ ಕಾಣದ ಹಾಗೆ ಹಿತ್ಲಲ್ಲಿ ಜಿಲೇಬಿ ತಿಂತೀನಿ. ನೀನೆಲ್ಲಿ ತಿಂತೀಯಾ?"

ಸಾಹೇಬ್ರಿಗೆ ನಗು ತಡೆಯೋಕಾಗ್ಲಿಲ್ಲ. "ಆಫೀಸಲ್ಲಿ ಕಣೋ, ಬೀರು ಹಿಂದೆ. ಸಕ್ಕರೆ ಮಾತ್ರೆ ಬಿಟ್ಟು ಮೂರು ತಿಂಗಳಾಯ್ತು."

ನರ್ಸಮ್ಮ ರಕ್ತ ಪರೀಕ್ಷೆ ಸೂಜಿ ಹಿಡ್ಕೊಂಡು ಎದುರಿಗೆ ಬಂದು ನಿಂತ್ರು. ಸಾಹೇಬ್ರು ಬೆರಳು ಚಾಚಿದ್ರು. ಆಮೇಲೆ 'ಸಂಬಂಧ ಇದೆ' ಅಂತ ಬರೆದು ಸಹಿ ಹಾಕಿ, ಕೋಡಂಗಿ ಕಡೆ ಓರೆಗಣ್ಣಲ್ಲಿ ನೋಡ್ತಾ ಕೇಳಿದ್ರು:

"ಇದು ನಮ್ಮ ಮನೆ ಕಡೆಗೆ ಆಟಕ್ಕೆ ಬರಲ್ಲ ತಾನೇ?"