ಸೋಮನ ಕಿವಿಯಲ್ಲಿ ಹೇಳಿದ ಭಯ

ಜೊಂಡಿನಕೆರೆಯ ಕೋಡಿಯ ಪಕ್ಕದಲ್ಲಿ ಪೂಜ್ಯ ಸಿರಿಯಮ್ಮನವರು ಒಂದು ಹುಲ್ಲಿನ ಗುಡಿಸಲು ಹಾಕಿಕೊಂಡು ಇಪ್ಪತ್ತೆಂಟು ವರ್ಷ ಇದ್ದರು. ಮಠವಿಲ್ಲ, ಪೀಠವಿಲ್ಲ, ಶಿಷ್ಯರ ಗುಂಪಿಲ್ಲ. ಕೆರೆಯ ಜೊಂಡು ಕೊಯ್ದು ಒಣಗಿಸಿ ಚಾಪೆ ಹೆಣೆಯುವುದು, ಬಂದವರನ್ನು ಅದೇ ಚಾಪೆಯ ಮೇಲೆ ಕೂರಿಸುವುದು, ಇಷ್ಟೇ ಅವರ ನಿತ್ಯವಿಧಿ. ಯಾರಾದರೂ ಉಪದೇಶ ಬೇಡಿದರೆ "ಆ ಕಡೆ ತುದಿ ಹಿಡ್ಕಳಪ್ಪ" ಎಂದು ಹೆಣಿಗೆಯ ಒಂದು ತುದಿಯನ್ನು ಕೈಗೆ ಕೊಡುತ್ತಿದ್ದರಂತೆ. ಅದರಲ್ಲೇ ಮಹಾರ್ಥ ಕಂಡು ಕಣ್ಣೀರಿಟ್ಟವರೂ ಉಂಟು. ಪಾಪ, ಅಮ್ಮನವರಿಗೆ ನಿಜವಾಗಿಯೂ ತುದಿ ಹಿಡಿಯುವವರೊಬ್ಬರು ಬೇಕಾಗಿರುತ್ತಿತ್ತು.

ಒಂದು ಮಾಘಮಾಸದ ಬೆಳಗ್ಗೆ ಆ ಗುಡಿಸಲಿನ ಮುಂದೆ ಜಟಕಾ ಬಂದು ನಿಂತಿತು. ಅದರಿಂದ ಇಳಿದವರು ವಿದ್ವಾನ್ ಶೆಲ್ವಪಿಳ್ಳೆ ಅಯ್ಯಂಗಾರ್ಯರು. ನಗರದಲ್ಲಿ ಭರತನಾಟ್ಯದ ಪಾಠ ಹೇಳುತ್ತಿದ್ದವರು, ನಾಟ್ಯಶಾಸ್ತ್ರವನ್ನು ಅರೆದು ಕುಡಿದವರು ಎಂದು ಹೆಸರು. ಜಟಕಾದೊಳಗೆ ಕಂಬಳಿ ಹೊದ್ದು ಮುದುರಿಕೊಂಡಿದ್ದವನು ಅವರ ಒಬ್ಬನೇ ಮಗ ರಾಮಪ್ರಿಯ. ತಾಯಿಯಿಲ್ಲದ ಹುಡುಗ. ಇಪ್ಪತ್ತರ ಪ್ರಾಯದಲ್ಲಿ ತಂದೆಯನ್ನೂ ಮೀರಿಸುವಂತೆ ಕುಣಿಯುತ್ತಿದ್ದವನು ಹದಿನೈದೇ ದಿನದಲ್ಲಿ ಕಡ್ಡಿಯಾಗಿದ್ದ. ಇನ್ನು ನಾಲ್ಕು ದಿನ ಹೀಗೇ ಅನ್ನ ಬಿಟ್ಟರೆ ತಮ್ಮ ಕೈಯಲ್ಲಿ ಏನೂ ಇಲ್ಲವೆಂದು ವೈದ್ಯರು ಹೇಳಿಬಿಟ್ಟಿದ್ದರು.

ಆದದ್ದು ಇಷ್ಟು. ನಗರದ ವಸ್ತುಪ್ರದರ್ಶನದ ಸಮಿತಿಯವರು ಹಳ್ಳಿಯ ಕುಣಿತವೊಂದನ್ನು ತಿದ್ದಿ ತೀಡಿ ರಂಗಕ್ಕೆ ತರಬೇಕೆಂದು ವಿದ್ವಾಂಸರನ್ನು ಕೇಳಿಕೊಂಡಿದ್ದರು. ಅವರು ಆರಿಸಿಕೊಂಡದ್ದು ಕೆರೆಯಿಂದ ಎರಡು ಮೈಲಿ ದೂರದ ಹಿರೇಗುಂಡಿಯ ಸೋಮನ ಕುಣಿತ. ಸೋಮನೆಂದರೆ ಗ್ರಾಮದೇವತೆಯ ಕಾವಲುಗಾರ. ಕೆಂಪು ಬಳಿದ ಮರದ ದೊಡ್ಡ ಮುಖ, ಹೊರಕ್ಕೆ ಉಬ್ಬಿದ ಕಣ್ಣು, ಮೇಲೆ ಬಟ್ಟೆಗಳ ಕುಚ್ಚು. ಅದನ್ನು ಮುಖಕ್ಕೆ ಕಟ್ಟಿಕೊಂಡವನು ಬಂದರೆ ಮಕ್ಕಳು ತಾಯಂದಿರ ಸೆರಗು ಹಿಡಿಯಬೇಕು, ಹಾಗಿತ್ತು. ಬೆಸ್ತರ ಮೂಡ್ಲಪ್ಪನವರು ನಲವತ್ತು ವರ್ಷ ಆ ಸೋಮನನ್ನು ಹೊತ್ತವರು. ರಾಮಪ್ರಿಯ ಒಂದು ತಿಂಗಳು ಅವರ ಮನೆಯ ಜಗಲಿಯಲ್ಲಿದ್ದು ಕಲಿತ. ಹುಡುಗನ ಶ್ರದ್ಧೆ ನೋಡಿ, ಮಂಡಿನೋವಿನ ಮೂಡ್ಲಪ್ಪನವರು ಆ ವರ್ಷದ ಸೋಮನನ್ನು ಅವನಿಗೇ ಕಟ್ಟಿದರು. ಹೊರಗಿನವನಿಗೆ ಅಷ್ಟು ದೊಡ್ಡ ಗೌರವ ಆ ಊರು ಹಿಂದೆಂದೂ ಕೊಟ್ಟಿರಲಿಲ್ಲ.

ಆ ಊರಿನದೊಂದು ಪದ್ಧತಿ. ಸೋಮ ಎದ್ದ ದಿನ ಬೆಳಗ್ಗೆಯಿಂದ ಊರಿನವರೆಲ್ಲ ಒಬ್ಬೊಬ್ಬರಾಗಿ ಬಂದು ಅವನ ಕಿವಿಯಲ್ಲಿ ತಮ್ಮ ಭಯವನ್ನು ಹೇಳಬೇಕು. ಗಂಡನಿಗೆ ಹೇಳಲಾರದ್ದು, ತಾಯಿಗೂ ಹೇಳಲಾರದ್ದು, ಎಲ್ಲವನ್ನೂ. ಸೋಮ ಮಾತಾಡುವಂತಿಲ್ಲ. ಆಮೇಲೆ ಗ್ರಾಮದೇವತೆಯ ಗುಡಿಯ ಮುಂದೆ ಕುಣಿದು, ಊರನ್ನೆಲ್ಲ ಬಳಸಿ ಗಡಿಗಲ್ಲಿನವರೆಗೆ ನಡೆಯಬೇಕು. ಅಲ್ಲಿ ಮುಖ ಬಿಚ್ಚಿ, ನೀನು ಯಾರು, ಯಾರ ಮಗ, ಯಾವ ಮನೆ ಎಂದು ಹಿರಿಯರು ಮೂರು ಪ್ರಶ್ನೆ ಕೇಳಬೇಕು. ಅವನು ಉತ್ತರ ಕೊಟ್ಟು ಅಂಬಲಿ ಕುಡಿದ ಮೇಲೆ ಊರಿನ ಭಯವೆಲ್ಲ ಗಡಿಯಾಚೆ ಇಳಿಯಿತೆಂದು ಲೆಕ್ಕ.

ಅಂದು ವಿದ್ವಾಂಸರೂ ಬಂದಿದ್ದರು. ಗುಡಿಯ ಮುಂದಿನ ಕುಣಿತ ಮುಗಿಯುವವರೆಗೂ ಪುಸ್ತಕದಲ್ಲಿ ಹೆಜ್ಜೆಗಳನ್ನು ಬರೆದುಕೊಂಡರು. ಕೆಲವು ಕಡೆ ತಾಳ ಎಳೆಯುತ್ತದೆ, ಇಲ್ಲಿ ಲಕ್ಷಣವಿಲ್ಲ, ಅಲ್ಲಿ ಅಂದವಿಲ್ಲ ಎಂದು ಪಕ್ಕದಲ್ಲಿ ಗುರುತು ಹಾಕಿದರು. ಅವರು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು. ಮೆರವಣಿಗೆ ಹೊರಡುವಷ್ಟರಲ್ಲಿ ರೈಲಿನ ಹೊತ್ತಾಯಿತೆಂದರು. ಗಡಿ ಮುಟ್ಟದೆ ಇದು ಮುಗಿಯುವುದಿಲ್ಲವೆಂದು ಮೂಡ್ಲಪ್ಪನವರು ಕೈಮುಗಿದು ಹೇಳಿಕೊಂಡರು. "ನನಗೆ ಬೇಕಾದ ಹೆಜ್ಜೆಯೆಲ್ಲ ಸಿಕ್ಕಿತು ಕಣಯ್ಯ, ಉಳಿದದ್ದು ಬರೀ ನಡಿಗೆ" ಎಂದ ವಿದ್ವಾಂಸರು ತಮ್ಮ ಕೈಯಾರೆ ಮಗನ ಮುಖದಿಂದ ಸೋಮನನ್ನು ಬಿಚ್ಚಿ, ಅವನನ್ನು ಗಾಡಿ ಹತ್ತಿಸಿದರು. ಊರಿನವರು ಬೈಯಲಿಲ್ಲ, ತಡೆಯಲಿಲ್ಲ. ಅಷ್ಟೂ ಜನ ಬಿಳಿಚಿಕೊಂಡು ನಿಂತರು.

ಮೂರನೆಯ ದಿನ ಶುರುವಾಯಿತು. ಹುಡುಗ ಹಗಲು ಹೊತ್ತಿನಲ್ಲೇ ಬೆಚ್ಚಿ ಏಳುತ್ತಿದ್ದ. ಮಗುವನ್ನು ಬಾವಿಯ ಹತ್ತಿರ ಬಿಡಬೇಡಿ ಎನ್ನುತ್ತಿದ್ದ. ಮನೆಯಲ್ಲಿ ಮಗುವೇ ಇರಲಿಲ್ಲ. ಕೆಮ್ಮಿನಲ್ಲಿ ರಕ್ತ ಬಂತು, ಅವಳಿಗೆ ತಿಳಿಸಬೇಡಿ ಎನ್ನುತ್ತಿದ್ದ. ಯಾರೋ ಬಾಗಿಲು ತಟ್ಟಿದರೆ, ಅವನು ಕುಡಿದು ಬಂದಿದ್ದಾನೆ, ತೆಗೆಯಬೇಡಿ ಎಂದು ಮೂಲೆ ಸೇರುತ್ತಿದ್ದ. ಅನ್ನದ ತಟ್ಟೆ ಕಂಡರೆ, ನಾನು ಉಂಡರೆ ಮಕ್ಕಳಿಗೆ ಸಾಲದು ಎಂದು ಅಳುತ್ತಿದ್ದ. ವೈದ್ಯರು ನರಗಳ ಬಲಹೀನತೆ ಎಂದರು. ಮಂತ್ರವಾದಿಯೊಬ್ಬ ಹೊಗೆ ಹಾಕಿ ಹುಡುಗನ ಪ್ರಾಣವನ್ನೇ ಹಿಂಡಿದ. ಕೊನೆಗೆ ಅಡುಗೆಯಾಕೆ ಸಿರಿಯಮ್ಮನವರ ಹೆಸರು ಹೇಳಿದಳು. ದೇವಮಾನವರನ್ನು ಕಂಡರೆ ಮೂಗು ಮುರಿಯುತ್ತಿದ್ದ ವಿದ್ವಾಂಸರು ಅಂದೇ ಹೊರಟು, ರೈಲಿಳಿದಲ್ಲಿ ಜಟಕಾ ಕಟ್ಟಿಸಿದರು. ಮಗನ ಪ್ರಾಣದ ಮುಂದೆ ಮೂಗು ಯಾವ ಲೆಕ್ಕ?

ಅಮ್ಮನವರು ಹೆಣಿಗೆ ನಿಲ್ಲಿಸಿ ಎಲ್ಲವನ್ನೂ ಕೇಳಿದರು. ಹುಡುಗನ ತಲೆಯ ಮೇಲೆ ಕೈಯಿಟ್ಟರು. ಅವನು ಎರಡೂ ಕೈಯಲ್ಲಿ ಅವರ ಸೆರಗು ಹಿಡಿದುಕೊಂಡ.

"ಇದು ಇವನ ಭಯ ಅಲ್ಲ ಕಣಪ್ಪ, ಊರಿಂದು," ಎಂದರು. "ಹೊತ್ಕೊಂಡೋನನ್ನ ನಡುದಾರೀಲಿ ನಿಲ್ಲಿಸ್ಬಿಟ್ಟಿದೀಯ."

ವಿದ್ವಾಂಸರು ಕೈಮುಗಿದರು. ಭಸ್ಮವನ್ನೋ ತಾಯಿತವನ್ನೋ ಕೊಡಬೇಕೆಂದು ಅಂಗಲಾಚಿದರು. ತಮ್ಮಲ್ಲಿ ಏನೂ ಇಲ್ಲ, ಇರುವುದು ಮೂಡ್ಲಪ್ಪನ ಹತ್ತಿರ ಎಂದು ಅಮ್ಮನವರು ಚಾಪೆ ಸುತ್ತಿಟ್ಟು ಎದ್ದರು. ಆ ಊರಿಗೆ ಕಾಲಿಡಲು ವಿದ್ವಾಂಸರಿಗೆ ಮುಖವಿರಲಿಲ್ಲ. ಕಲ್ಲು ಹೊಡೆದರೂ ಹೊಡೆದಾರೆಂಬ ಅಂಜಿಕೆ ಬೇರೆ. ಆದರೆ ಅಮ್ಮನವರು ಆಗಲೇ ಏರಿಯ ಮೇಲೆ ನಡೆಯತೊಡಗಿದ್ದರು.

ಹಿರೇಗುಂಡಿಯನ್ನು ಕಂಡಾಗ ಅವರ ಅಂಜಿಕೆ ಇನ್ನೊಂದು ಬಗೆಯದಾಯಿತು. ನಡುಹಗಲಿನಲ್ಲಿ ಬಾಗಿಲುಗಳು ಮುಚ್ಚಿದ್ದವು. ಬೀದಿಯಲ್ಲಿ ಒಂದು ಮಗುವೂ ಆಡುತ್ತಿರಲಿಲ್ಲ. ಹೆಂಗಸರು ನೀರಿಗೆ ನಾಲ್ಕು ನಾಲ್ಕು ಜನ ಕೂಡಿ ಹೋಗುತ್ತಿದ್ದರು. ಬಾಯಿಬಿಟ್ಟು ಹೇಳಿದ ಭಯ ಇಳಿಯದೆ ಊರಿನಲ್ಲೇ ಉಳಿದಿದೆಯೆಂದು ಹದಿನೈದು ದಿನದಿಂದ ಅಷ್ಟೂ ಮನೆಗಳು ಜೀವ ಕೈಯಲ್ಲಿ ಹಿಡಿದುಕೊಂಡಿದ್ದವು. ಸೋಮನ ಮುಖವನ್ನು ಗುಡಿಯೊಳಗೆ ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದರು.

ಮೂಡ್ಲಪ್ಪನವರು ಹುಡುಗನನ್ನು ಕಂಡು ಅತ್ತೇಬಿಟ್ಟರು. ಆದರೆ ದಾರಿ ಒಂದೇ ಎಂದರು. ಕಟ್ಟಿಕೊಂಡವನೇ ಮತ್ತೆ ಕಟ್ಟಿಕೊಂಡು ಗಡಿ ಮುಟ್ಟಬೇಕು.

ವಿದ್ವಾಂಸರಿಗೆ ಜೀವ ಬಾಯಿಗೆ ಬಂತು. ನಿಲ್ಲಲಾರದವನ ಮುಖಕ್ಕೆ ಆ ಮರದ ಭಾರವೇ? ಹೆದರಿದವನ ಮೇಲೆ ಹಾವು ಎಸೆದ ಹಾಗೆ! ಮಗನನ್ನು ಅಪ್ಪಿ ಹಿಡಿದು ಬಿಡೆನೆಂದರು. ಮೂಡ್ಲಪ್ಪನವರೇ ಹೊತ್ತುಬಿಡಲಿ ಎಂದರು, ಬೇಕಾದರೆ ನಾನೇ ಹೊರುತ್ತೇನೆಂದರು. ಯಾರೂ ಒತ್ತಾಯಿಸಲಿಲ್ಲ. ಅಮ್ಮನವರು ಮಾತ್ರ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಊರೆಲ್ಲ ಹೇಳ್ಕೊಂಡೈತೆ. ನಿನ್ನ ಭಯ ಯಾರಿಗೆ ಹೇಳಿದೆಯಪ್ಪ?"

ವಿದ್ವಾಂಸರ ತೋಳು ತಾನಾಗಿ ಸಡಿಲವಾಯಿತು.

ಮೂಡ್ಲಪ್ಪನವರು ಸೋಮನನ್ನು ಕಟ್ಟಿದರು. ಗುಡಿಯ ಕಂಬಕ್ಕೆ ಒರಗಿ ಹುಡುಗ ಕೂತಿದ್ದ. ಮುಖದ ಭಾರಕ್ಕೆ ಕುತ್ತಿಗೆ ಓಲಾಡುತ್ತಿತ್ತು. ಊರು ಹಿಂದೆ ಸರಿದು ದಾರಿ ಬಿಟ್ಟಿತು. ವಿದ್ವಾಂಸರು ಮೊದಲ ಬಾರಿಗೆ ಆ ಮುಖವನ್ನು ಗೇಣಿನಷ್ಟು ಹತ್ತಿರದಿಂದ ನೋಡಿದರು. ಅದು ತಮ್ಮ ಮಗನೆಂದು ಎಷ್ಟು ಹೇಳಿಕೊಂಡರೂ ಮನಸ್ಸು ಒಪ್ಪಲೊಲ್ಲದು. ಮಂಡಿಯೂರಿ ಅದರ ಕಿವಿಗೆ ಬಾಯಿಯಿಟ್ಟರು. ಏನು ಹೇಳಿದರೋ ಯಾರಿಗೂ ಗೊತ್ತಿಲ್ಲ, ಕೇಳುವುದೂ ಆ ಊರಿನ ರೀತಿಯಲ್ಲ. ಬಹಳ ಹೊತ್ತು ಹೇಳಿದರು, ಅವರ ಭುಜ ಅಲುಗುತ್ತಿತ್ತು ಎನ್ನುವುದಷ್ಟೇ ಕಂಡವರ ಮಾತು.

ಅರೆವಾದ್ಯ ಬಡಿಯಿತು. ಸೋಮ ಎದ್ದ.

ವಿದ್ವಾಂಸರು ಆ ದಿನ ಪುಸ್ತಕ ತೆರೆಯಲಿಲ್ಲ. ಮಗ ಎಲ್ಲಿ ಬೀಳುವನೋ ಎಂದು ಒಂದೊಂದು ಹೆಜ್ಜೆಗೂ ಉಸಿರು ಹಿಡಿದು ಹಿಂದೆ ನಡೆದರು. ಹಾಗೆ ನಡೆಯುವಾಗ, ಗುಡಿಯ ಮುಂದೆ ತಾವು ತಪ್ಪೆಂದು ಗುರುತು ಹಾಕಿದ್ದ ಎಳೆದ ತಾಳ ಯಾಕೆಂದು ತಿಳಿಯಿತು: ಕೋಲೂರಿಕೊಂಡ ಮುದುಕಿಯರು ಜೊತೆಗೆ ನಡೆಯಬೇಕಾಗಿತ್ತು. ಸೋಮ ಮೂರು ಕಡೆ ಹಿಂತಿರುಗಿ ನಿಂತು ತಲೆ ಬಾಗಿಸುತ್ತಿದ್ದ. ಗುಡಿಯ ಮುಂದಿನ ಕುಣಿತದಲ್ಲೂ ಇದ್ದ ಇದೇ ತಿರುವನ್ನು ಅಂದವಿಲ್ಲದ್ದೆಂದು ಅವರು ಹೊಡೆದುಹಾಕಿದ್ದರು. ಆ ಮೂರು ಕಡೆಯೂ ಮನೆಗಳಿಲ್ಲ, ಬರೀ ಪಾಯದ ಕಲ್ಲು. ಅಜ್ಜಂದಿರ ಕಾಲದ ಪ್ಲೇಗಿನಲ್ಲಿ ಆ ಮೂರು ಕೇರಿಗಳಲ್ಲಿ ಒಬ್ಬರೂ ಉಳಿಯಲಿಲ್ಲ. ಹೆಣ ಹೊರಲೂ ಜನ ಹೆದರಿದ ಆ ವರ್ಷವೇ ಸೋಮ ಮೊದಲು ಗಡಿಗೆ ನಡೆದದ್ದು ಎಂದು ಮೂಡ್ಲಪ್ಪನವರು ಕುಂಟುತ್ತಾ ಹೇಳಿದರು. ಬರೀ ನಡಿಗೆ ಎಂದಿದ್ದರಲ್ಲ ವಿದ್ವಾಂಸರು, ಆ ಮಾತು ನೆನಪಾಗಿ ನಾಚಿಕೆಯಿಂದ ಕುಗ್ಗಿಹೋದರು.

ಗಡಿಗಲ್ಲಿಗೆ ಹತ್ತು ಮಾರು ಇರುವಾಗ ಸೋಮ ತತ್ತರಿಸಿದ. ಹಿಡಿಯಲು ಮುನ್ನುಗ್ಗಿದ ವಿದ್ವಾಂಸರನ್ನು ಅಮ್ಮನವರು ತೋಳು ಹಿಡಿದು ನಿಲ್ಲಿಸಿದರು. ಇಳಿಸುವವನು ತಾನೇ ಮುಟ್ಟಬೇಕಲ್ಲ. ಹುಡುಗ ಒಂದು ಹೆಜ್ಜೆಯಿಟ್ಟ, ನಿಂತ, ಇನ್ನೊಂದಿಟ್ಟ. ಆ ಹತ್ತು ಮಾರು ಮುಗಿಯುವಷ್ಟರಲ್ಲಿ ತಂದೆ ಹತ್ತು ಸಲ ಸತ್ತು ಹುಟ್ಟಿದರು. ಕಡೆಗೆ ಅವನ ಕೈ ಕಲ್ಲಿನ ಮೇಲೆ ಬಿತ್ತು.

ಮೂಡ್ಲಪ್ಪನವರು ಗಂಟು ಬಿಚ್ಚಿ ಮುಖವನ್ನು ಗಡಿಯಾಚೆಗೆ ತಿರುಗಿಸಿದರು. ಹುಡುಗನ ಕಣ್ಣು ಮುಚ್ಚಿತ್ತು. ನೀನು ಯಾರಪ್ಪ ಎಂದು ಕೇಳಿದರು. ಇನ್ನೊಮ್ಮೆ ಕೇಳಿದರು.

ಮೂರನೆಯ ಸಲಕ್ಕೆ ತುಟಿ ಅಲುಗಿತು. "ರಾಮಪ್ರಿಯ."

"ಯಾರ ಮಗ?"

ಹುಡುಗ ಕಣ್ಣು ತೆರೆದು ಗುಂಪಿನಲ್ಲಿ ಹುಡುಕಿದ. "ಅಗೋ, ಅಷ್ಟು ಹೆದರಿಕೊಂಡು ನಿಂತಿದ್ದಾರಲ್ಲ," ಎಂದ, "ಅವರ ಮಗ."

ಯಾವ ಮನೆಯೆಂಬ ಪ್ರಶ್ನೆಗೆ ಅವನು ಏನು ಹೇಳಿದನೋ ಅಳುವಿನ ಗದ್ದಲದಲ್ಲಿ ಕೇಳಿಸಲೇ ಇಲ್ಲ. ಅಂಬಲಿಯ ಬಟ್ಟಲನ್ನು ಎರಡು ಸಲ ಬರಿದು ಮಾಡಿದ. ವಿದ್ವಾಂಸರು ಮೂಡ್ಲಪ್ಪನವರ ಕಾಲಿಗೆ ಬಿದ್ದರು. ಅವರು ಗಾಬರಿಯಿಂದ ಹಿಂದೆ ಸರಿದರೂ ಬಿಡದೆ, ನೀವು ಗುರುಗಳು, ನನ್ನನ್ನೂ ಒಂದು ತಿಂಗಳು ಜಗಲಿಯಲ್ಲಿ ಇಟ್ಟುಕೊಳ್ಳಿ ಎಂದು ಬೇಡಿದರು. ಅಮ್ಮನವರಿಗೆ ನಮಸ್ಕರಿಸಬೇಕೆಂದು ತಿರುಗಿದರೆ, ಅವರು ಆಗಲೇ ಕೆರೆಯ ದಾರಿ ಹಿಡಿದಾಗಿತ್ತು.

ಪ್ರದರ್ಶನದ ಸಮಿತಿಗೆ ವಿದ್ವಾಂಸರು ಆ ಜಗಲಿಯಿಂದಲೇ ಒಂದು ಕಾಗದ ಬರೆದರು: "ಈ ಕುಣಿತ ಅಲ್ಲಿಗೆ ಬರುವುದಿಲ್ಲ. ನೋಡಬೇಕೆಂದಿದ್ದರೆ ತಾವೇ ಇಲ್ಲಿಗೆ ಬರಬೇಕು. ಬೆಳಗ್ಗೆಯೇ ಬಂದು, ಮೊದಲು ತಮ್ಮ ಭಯವನ್ನು ಹೇಳಿ, ಆಮೇಲೆ ಗಡಿಯವರೆಗೆ ಜೊತೆಯಲ್ಲಿ ನಡೆಯಬೇಕು. ನಡುವೆ ಎದ್ದುಹೋಗುವಂತಿಲ್ಲ."