ಬೆಟ್ಟದ ಮೇಲಿನ ಕೆಸುವು

ಫಿಜಿಯ ಒಂದು ಸಣ್ಣ ದ್ವೀಪದಲ್ಲಿ ಮಹಾಂತಯ್ಯ ಎಂಬ ವಯಸ್ಸಾದ ಗುರು ಇದ್ದರು. ಅವರ ಗುಡಿಸಲು ಕಡಲ ದಂಡೆಯಲ್ಲಿತ್ತು. ಜೊತೆಗೆ ಒಬ್ಬನೇ ಶಿಷ್ಯ, ಮುರಿಗೆಪ್ಪ.

ಮೀನು ಮಾಂಸ ಮುರಿಗೆಪ್ಪನ ಮನೆತನದಲ್ಲೇ ಇರಲಿಲ್ಲ. ದ್ವೀಪಕ್ಕೆ ಬಂದ ಮೇಲೆ ಅವನು ಹಾಲು, ಮೊಸರು, ಜೇನನ್ನೂ ಬಿಟ್ಟ. ತನ್ನ ತುತ್ತಿನಿಂದ ಯಾವ ಜೀವಕ್ಕೂ ನೋವಾಗಬಾರದು ಎಂದು ವ್ರತ ಹಿಡಿದ. ಗುರುವೂ ಅವನ ಜೊತೆ ಅದನ್ನೇ ಉಂಡರು.

ನೆರೆಯ ಮುದುಕಿ ಲಿತಿಯಾ ದಿನವೂ ಮಧ್ಯಾಹ್ನ ಒಂದು ಪಾತ್ರೆ ತಂದಿಡುತ್ತಿದ್ದಳು. ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಗಡ್ಡೆ, ಕೆಸುವಿನ ಸೊಪ್ಪು.

"ಮೀನಿನ ಸೌಟು ಬೇರೆಯದೇ ತಾನೇ?" ಎಂದು ಮುರಿಗೆಪ್ಪ ದಿನವೂ ಗುರುಗಳಿಂದ ಕೇಳಿಸುತ್ತಿದ್ದ.

ಅವಳು ಹೌದೆಂದು ತಲೆಯಾಡಿಸಿ ಹೋಗುತ್ತಿದ್ದಳು.

ಹೀಗೆ ನಾಲ್ಕು ತಿಂಗಳಾಯಿತು.

"ಗುರುಗಳೇ, ದಣಿದುಬಿಟ್ಟೆ" ಎಂದ ಮುರಿಗೆಪ್ಪ. "ನಿನ್ನೆ ಕೆಸುವು, ಇವತ್ತು ಕೆಸುವು, ನಾಳೆಯೂ ಕೆಸುವು."

"ಉಂಡು ದಣಿದೆಯಾ?" ಎಂದರು ಗುರು.

ಮರುದಿನ ಪಾತ್ರೆ ಬರಲಿಲ್ಲ. ಬಿಸಿಲು ಇಳಿಯಿತು. ಮುರಿಗೆಪ್ಪನಿಗೆ ಹಸಿವಿಗಿಂತ ಸಿಟ್ಟೇ ಹೆಚ್ಚಾಯಿತು.

"ಬರುವುದಿಲ್ಲ ಅಂತ ಒಂದು ಮಾತು ಹೇಳಬಹುದಿತ್ತು."

"ಬಾ, ಕೇಳಿ ಬರೋಣ" ಎಂದು ಗುರು ಎದ್ದರು.

ಲಿತಿಯಾ ಚಾಪೆಯ ಮೇಲೆ ಮಲಗಿದ್ದಳು. ಮೊಣಕಾಲು ಊದಿಕೊಂಡಿತ್ತು. ಪಕ್ಕದವರು ತಂದುಕೊಟ್ಟ ಮೀನಿನ ಸಾರು ತಲೆಯ ಹತ್ತಿರ ಆರಿಹೋಗಿತ್ತು. ಮುರಿಗೆಪ್ಪ ಮುಖ ತಿರುಗಿಸಿಕೊಂಡ.

"ಏನಾಯಿತಮ್ಮ?" ಗುರು ಅವಳ ಭಾಷೆಯಲ್ಲೇ ಕೇಳಿದರು.

"ಬೆಟ್ಟ ಇಳಿಯುವಾಗ ಜಾರಿದೆ."

"ಬೆಟ್ಟಕ್ಕೆ ಯಾಕೆ ಹೋದೆ?"

"ಕೆಸುವಿಗೆ. ಬಿರುಗಾಳಿ ಬಂದಾಗ ಕೆಳಗಿನ ತೋಟಕ್ಕೆ ಉಪ್ಪುನೀರು ನುಗ್ಗಿತಲ್ಲ, ಈಗ ಮೇಲೆ ಮಾತ್ರ ಬೆಳೆಯುತ್ತದೆ."

"ದಿನಾ ಹತ್ತುತ್ತಿದ್ದೆಯಾ?"

"ನನಗಾದರೆ ಬೇಕಿರಲಿಲ್ಲ. ಬಾಗಿಲಲ್ಲೇ ಸಮುದ್ರ, ಮೀನಿದೆ. ನೀವು ಅದನ್ನು ಉಣ್ಣುವುದಿಲ್ಲವಲ್ಲ."

ಗುರು ಚಾಪೆಯ ಪಕ್ಕ ಕುಳಿತರು. "ಎಲ್ಲಿಂದ ತರುತ್ತೀ ಎಂದು ನಾನೂ ಕೇಳಲಿಲ್ಲ" ಎಂದರು.

ಲಿತಿಯಾ ಗಾಬರಿಯಾಗಿ ಎದ್ದು ಕೂರಲು ನೋಡಿದಳು. "ನಾಳೆ ಹೇಗಾದರೂ ತರುತ್ತೇನೆ. ಆ ಹುಡುಗನಿಗೆ ಹೇಳಿ, ಸೌಟು ಬೇರೆಯೇ ಇಟ್ಟಿದ್ದೇನೆ."

ಗುರು ಅವಳು ಹೇಳಿದ್ದನ್ನೆಲ್ಲ ಮುರಿಗೆಪ್ಪನಿಗೆ ಕನ್ನಡದಲ್ಲಿ ಹೇಳಿದರು. ಮುರಿಗೆಪ್ಪ ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಗುರು ಅವಳ ಬುಟ್ಟಿ ಎತ್ತಿಕೊಂಡು ಬೆಟ್ಟದ ದಾರಿ ಹಿಡಿದರು. ಮುರಿಗೆಪ್ಪ ಹಿಂದೆ ಹೋದ. ಕೆಂಪು ಮಣ್ಣು ಕಾಲಿಗೆ ಮೆತ್ತಿ ಜಾರುತ್ತಿತ್ತು. ಗುರು ಮೂರು ಕಡೆ ಕುಳಿತರು. ಮೂರನೆಯ ಸಲ ಏಳಲು ಅವನ ಕೈ ಹಿಡಿದರು.

ಮೇಲೆ ಇಬ್ಬರೂ ಕೋಲಿನಿಂದ ಮಣ್ಣು ಬಗೆದು ಗಡ್ಡೆ ಕಿತ್ತರು. ಇಳಿಯುವಾಗ ಬುಟ್ಟಿ ಮುರಿಗೆಪ್ಪನ ಹೆಗಲ ಮೇಲಿತ್ತು. ಅರ್ಧ ದಾರಿಗೆ ಹೆಗಲು ಸುಲಿಯಿತು.

ಲಿತಿಯಾಳ ಮನೆಯಲ್ಲಿ ಗುರು ಒಲೆ ಹಚ್ಚಿದರು. ಮುರಿಗೆಪ್ಪ ಕಾಯಿ ತುರಿದು ಹಾಲು ಹಿಂಡಿದ. ಮೂಲೆಯಲ್ಲಿ ಮೀನಿನ ಸಾರಿನ ಪಾತ್ರೆ ತೊಳೆಯದೆ ಹಾಗೇ ಬಿದ್ದಿತ್ತು. ಅವನು ಅದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹೊರಗೆ ಒಯ್ದು, ಮರಳು ಹಾಕಿ ಉಜ್ಜಿ ತೊಳೆದು ತಂದ.

ಮೊದಲು ಅವಳಿಗೆ ಬಡಿಸಿದರು.

ಗುಡಿಸಲಿಗೆ ಮರಳಿದಾಗ ಇಬ್ಬರಿಗೂ ನಿಲ್ಲಲು ಶಕ್ತಿಯಿರಲಿಲ್ಲ. ಗುರು ಕುಳಿತು ತಮ್ಮ ಕಾಲು ತಾವೇ ಒತ್ತಿಕೊಳ್ಳುತ್ತಿದ್ದರು.

"ಗುರುಗಳೇ, ನನ್ನ ವ್ರತ ಸುಳ್ಳಾಯಿತು" ಎಂದ ಮುರಿಗೆಪ್ಪ. "ಬಿಟ್ಟುಬಿಡಲೇ?"

"ಬಿಡಬೇಡ" ಎಂದರು ಗುರು. "ಇಷ್ಟು ದಿನ ನಮ್ಮಿಬ್ಬರ ವ್ರತವನ್ನೂ ಅವಳೇ ಹೊತ್ತಳು. ನೀನು ಇವತ್ತು ತಾನೇ ಶುರುಮಾಡಿದ್ದೀಯ."