ಬಳೆಗಾರನ ಕೈ

“ಬುದ್ಧೀ, ಡಿಸ್ಕರೇಜ್ ಎಂಬ ಇಂಗ್ಲಿಷ್ ಪದವನ್ನು ಹೇಗೆ ಬಳಸಬೇಕು?” ಎಂದು ಶಿಷ್ಯ ಚನ್ನವೀರ ಕೇಳಿದ.

“ನೀನೇ ಒಂದು ವಾಕ್ಯ ಮಾಡು” ಎಂದರು ಗುರುಗಳು.

“ಹಿರಿಯರು ನನ್ನನ್ನು ಡಿಸ್ಕರೇಜ್ ಮಾಡಿದರು.”

ಗುರುಗಳಿಗೆ ನಗು ಬಂತು. ತಿಂಗಳ ಹಿಂದೆ ಸಂಜೆಯ ಪ್ರಾರ್ಥನೆಯಲ್ಲಿ ಮಠದ ಹಿರಿಯರೊಬ್ಬರು ಇವನ ಸ್ವರ ತಿದ್ದಿದ್ದರು. ಅಂದಿನಿಂದ ಇವನು ಬಾಯಿ ತೆರೆದಿರಲಿಲ್ಲ. ಎಲ್ಲರೂ ಹಾಡುವಾಗ ಮೂಲೆಯಲ್ಲಿ ಒಬ್ಬನೇ ಕೂತು ಎದ್ದು ಹೋಗುತ್ತಿದ್ದ.

“ವಾಕ್ಯ ಸರಿಯಾಗಿದೆ. ಕನ್ನಡದಲ್ಲಾದರೆ ಸಾಮಾನ್ಯವಾಗಿ ‘ನಾನು ಎದೆಗುಂದಿದೆ’ ಎನ್ನುತ್ತೇವೆ. ಅಲ್ಲಿ ದೂರುವುದಕ್ಕೆ ಇನ್ನೊಬ್ಬರು ಸಿಗುವುದಿಲ್ಲ. ಇಂಗ್ಲಿಷ್ ಅನುಕೂಲದ ಭಾಷೆ ನೋಡು” ಎಂದ ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಗಾಜಿನ ಬಳೆ ತೊಡಿಸುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. ಹಸ್ತವನ್ನು ಒತ್ತಿ ಹಿಡಿದು, ಗೆಣ್ಣು ದಾಟುವವರೆಗೆ ಎಲ್ಲಿಯೂ ನಿಲ್ಲಿಸದೆ, ಬಳೆಯನ್ನು ಒಂದೇ ಸಲಕ್ಕೆ ಏರಿಸಬೇಕು. ನಡುವೆ ತಡೆದರೆ ಗಾಜು ಒಡೆಯುತ್ತದೆ.

ಒಂದು ದಿನ ಮದುವಣಗಿತ್ತಿಯೊಬ್ಬಳ ಕೈಯಲ್ಲಿ ಬಳೆ ಒಡೆದು ರಕ್ತ ಬಂತು. ಅವಳ ತಾಯಿ “ಮೆಲ್ಲಗಪ್ಪಾ” ಎಂದಳು. ಗದರಲಿಲ್ಲ. ಉಳಿದ ಬಳೆಗಳನ್ನೂ ಅವನಿಂದಲೇ ತೊಡಿಸಿ, ಎಲೆ ಅಡಿಕೆ ಕೊಟ್ಟು ಕಳಿಸಿದಳು.

ಮರುದಿನದಿಂದ ಬಳೆಗಾರ ಪ್ರತಿ ಬಳೆಗೂ ಮೆಲ್ಲಗೆ, ಮೆಲ್ಲಗೆ ಎಂದುಕೊಳ್ಳತೊಡಗಿದ. ಗೆಣ್ಣಿನ ಹತ್ತಿರ ಕೈ ತಡೆಯಿತು. ಬಳೆ ಒಡೆಯಿತು. ಇನ್ನೂ ಮೆಲ್ಲಗೆ ತೊಡಿಸಿದ. ಇನ್ನೂ ಒಡೆದವು. ವರ್ಷ ತುಂಬುವುದರೊಳಗೆ ಬಳೆಗಳ ಮಲಾರವನ್ನು ಅಟ್ಟಕ್ಕೇರಿಸಿ ಮನೆಯಲ್ಲಿ ಕುಳಿತ.

ಮಗಳ ಸೀಮಂತ ಬಂತು. “ಅಪ್ಪಾ, ಬಳೆ ನೀನೇ ತೊಡಿಸಬೇಕು” ಎಂದು ಅವಳು ಕೈ ಚಾಚಿದಳು. ಅವನು ತನ್ನ ಎರಡೂ ಕೈಗಳನ್ನು ಹೆಗಲವಸ್ತ್ರದಲ್ಲಿ ಅಡಗಿಸಿಕೊಂಡ. ಪಕ್ಕದೂರಿನ ಬಳೆಗಾರ ಬಂದು ತೊಡಿಸಿದ. ಒಳಗೆ ಹೆಂಗಸರು ಹಾಡುತ್ತಿದ್ದರು. ಇವನು ಹಿತ್ತಿಲಲ್ಲಿ ಒಬ್ಬನೇ ಕುಳಿತು ಒಂದೊಂದು ಬಳೆಯ ಸದ್ದನ್ನೂ ಕೇಳಿದ. ಒಂದೂ ಒಡೆಯಲಿಲ್ಲ. ಅಷ್ಟು ಒಂಟಿತನವನ್ನು ಅವನು ಹೆಂಡತಿ ಸತ್ತಾಗಲೂ ಕಂಡಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ಸಿಟ್ಟು ಬಂದಿತ್ತು.

“ಎಂಥ ಹೆಂಗಸು ಬುದ್ಧೀ, ಆ ಮದುವಣಗಿತ್ತಿಯ ತಾಯಿ! ಒಂದು ಮಾತು ಆಡಿ ಅವನ ಕೈಯನ್ನೇ ಕೆಡಿಸಿಬಿಟ್ಟಳಲ್ಲ.”

“ಅವಳು ಮೆಲ್ಲಗೆ ಎಂದದ್ದು ಒಂದೇ ಸಲ, ಚನ್ನವೀರ.”